ರಾಜನ ಮುದ್ರೆ ಇಲ್ಲದೆ ಪುಸ್ತಕ ಹೊರಬಂದದ್ದು ಹೇಗೆ? ವಾಲ್ಟೇರ್, ದಿದರೋ, ರೂಸೋ ಕಾಲದ ಕತೆ

ಒಂದು ಸಿನಿಮಾದ ಮೇಲೋ ಪುಸ್ತಕದ ಮೇಲೋ ಗಲಾಟೆ ಶುರುವಾದರೆ ಸಾಕು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಮಾತು ಓಡಾಡತೊಡಗುತ್ತದೆ. ‘ನೀನು ಹೇಳುವುದನ್ನು ನಾನು ಒಪ್ಪುವುದಿಲ್ಲ. ಆದರೆ ಅದನ್ನು ಹೇಳುವ ನಿನ್ನ ಹಕ್ಕಿಗಾಗಿ ಪ್ರಾಣ ಬೇಕಾದರೂ ಕೊಡುತ್ತೇನೆ.’ ಕೆಳಗೆ ವಾಲ್ಟೇರ್ ಎಂಬ ಹೆಸರು, ಪಕ್ಕದಲ್ಲಿ ಬಿಳಿ ಟೋಪನ್ ಹಾಕಿಕೊಂಡ ಮುದುಕನ ಚಿತ್ರ.

18ನೇ ಶತಮಾನದ ಫ್ರೆಂಚ್ ಲೇಖಕ ವಾಲ್ಟೇರ್ ಈ ಮಾತು ಹೇಳಿಲ್ಲ. ಅವನು ಸತ್ತು ಒಂದು ಶತಮಾನಕ್ಕೂ ಜಾಸ್ತಿ ಆದ ಮೇಲೆ, 1906ರಲ್ಲಿ, ಎವೆಲಿನ್ ಬಿಯಾಟ್ರಿಸ್ ಹಾಲ್ ಎಂಬ ಇಂಗ್ಲಿಷ್ ಲೇಖಕಿ ಅವನ ಗೆಳೆಯರ ಬಗ್ಗೆ ಒಂದು ಪುಸ್ತಕ ಬರೆದಳು. ಅದರಲ್ಲಿ ಒಂದು ಪ್ರಸಂಗ ಹೇಳುವಾಗ ಅವನ ಧೋರಣೆ ಹೀಗಿತ್ತು ಅಂತ ತನ್ನದೇ ಮಾತಿನಲ್ಲಿ ಬರೆದಳು. ಸುತ್ತ ಉದ್ಧರಣ ಚಿಹ್ನೆ ಇದ್ದದ್ದರಿಂದ ಓದಿದವರು ವಾಲ್ಟೇರ್‌ನ ಮಾತೇ ಅಂದುಕೊಂಡರು.

ಮಾತು ಅವನದಲ್ಲ, ಆದರೆ ಪ್ರಸಂಗ ನಿಜ. ಆಗ ಪ್ಯಾರಿಸ್‌ನಲ್ಲಿ ಒಂದು ಪುಸ್ತಕವನ್ನು ಸುಟ್ಟಿದ್ದರು. ಆ ಬೆಂಕಿ ಇನ್ನೂ ದೊಡ್ಡದೊಂದು ಕೆಲಸಕ್ಕೆ ತಗುಲಿತು.

ಯಾವ ಕಾಲ, ಯಾರು ಇವರು?

ಎನ್‌ಲೈಟನ್‌ಮೆಂಟ್ ಅಥವಾ ಜ್ಞಾನೋದಯದ ಯುಗ ಎಂದು ಪಠ್ಯಪುಸ್ತಕಗಳು ಕರೆಯುವುದು ಹೆಚ್ಚುಕಡಿಮೆ 18ನೇ ಶತಮಾನದ ಯುರೋಪನ್ನು. ಲಂಡನ್, ಎಡಿನ್‌ಬರೊ, ಬರ್ಲಿನ್, ಎಲ್ಲ ಕಡೆ ಇಂಥ ಚಿಂತಕರಿದ್ದರು. ಜೋರಾಗಿ ನಡೆದದ್ದು ಮಾತ್ರ ಫ್ರಾನ್ಸ್‌ನಲ್ಲಿ.

ಇವರೆಲ್ಲ ಒಂದೇ ಪಕ್ಷದವರಲ್ಲ. ಮಾಂಟೆಸ್ಕ್ಯೂ ಬೋರ್ಡೋ ಸೀಮೆಯ ಶ್ರೀಮಂತ, ದ್ರಾಕ್ಷಿ ತೋಟಗಳ ಒಡೆಯ. ವಾಲ್ಟೇರ್ ಪ್ಯಾರಿಸ್‌ನ ವಕೀಲಿ ವೃತ್ತಿಯ ಮನೆಯ ಹುಡುಗ; ಹುಟ್ಟುಹೆಸರು ಫ್ರಾಂಸ್ವಾ ಮರೀ ಅರೂಎ. ದಿದರೋ ಲಾಂಗ್ರ್ ಎಂಬ ಊರಿನಲ್ಲಿ ಚಾಕು, ಚೂರಿ ಮಾಡುವವನ ಮಗ. ರೂಸೋ ಜಿನೀವಾದ ಗಡಿಯಾರ ಕಸುಬಿನವನ ಮಗ. ಒಬ್ಬ ದೇವರನ್ನು ನಂಬುತ್ತಿದ್ದ, ಇನ್ನೊಬ್ಬ ನಂಬುತ್ತಿರಲಿಲ್ಲ. ರೂಸೋ ಅಂತೂ ಕೊನೆಗೆ ಉಳಿದ ಎಲ್ಲರ ಜೊತೆಗೂ ಜಗಳ ಆಡಿಕೊಂಡ.

ಇವರನ್ನು ಒಟ್ಟಿಗೆ ಕಟ್ಟುವ ದಾರ ಒಂದೇ. ‘ಹಿಂದಿನವರು ಹೇಳಿದ್ದಾರೆ, ರಾಜ ಹೇಳಿದ್ದಾನೆ, ಚರ್ಚು ಹೇಳಿದೆ’ ಅನ್ನುವುದು ಒಂದು ಮಾತು ನಿಜ ಎನ್ನುವುದಕ್ಕೆ ಸಾಕಾಗುವುದಿಲ್ಲ, ಪರೀಕ್ಷೆ ಮಾಡಿ ನೋಡಬೇಕು ಎಂಬ ಹಟ. ನಮಗೆ ಇದರಲ್ಲಿ ಹೊಸತೇನೂ ಕಾಣದು. ಆಗಿನ ಫ್ರಾನ್ಸ್‌ನಲ್ಲಿ ಇದನ್ನು ಅಚ್ಚು ಹಾಕಿಸಿದರೆ ಜೈಲಾಗುತ್ತಿತ್ತು.

ಪುಸ್ತಕ ಅಚ್ಚಾಗಲು ಏನೇನು ಬೇಕಿತ್ತು?

ಈಗ ಸಿನಿಮಾ ಬಿಡುಗಡೆಗೆ ಸೆನ್ಸಾರ್ ಸರ್ಟಿಫಿಕೇಟ್ ಬೇಕಲ್ವಾ, ಹಾಗೆ ಆಗ ಪ್ರತಿ ಪುಸ್ತಕಕ್ಕೂ ರಾಜನ ಅಪ್ಪಣೆ ಬೇಕಿತ್ತು. ಹಸ್ತಪ್ರತಿಯನ್ನು ಸರ್ಕಾರದ ಪರಿಶೀಲಕ ಓದುತ್ತಿದ್ದ. ಅವನು ಸರಿ ಎಂದರೆ ರಾಜಮುದ್ರೆಯ ಪರವಾನಗಿ ಸಿಗುತ್ತಿತ್ತು. ಅದನ್ನು ಬೇರೆಯವರು ಅಚ್ಚು ಹಾಕುವಂತಿಲ್ಲ ಎಂಬ ಹಕ್ಕೂ ಪ್ರಕಾಶಕನಿಗೆ ಜೊತೆಗೇ ಬರುತ್ತಿತ್ತು. ‘ನಾನು ಓದಿದ್ದೇನೆ, ದೋಷವಿಲ್ಲ’ ಎಂಬ ಪರಿಶೀಲಕನ ಒಪ್ಪಿಗೆಯೂ ಪುಸ್ತಕದಲ್ಲೇ ಅಚ್ಚಾಗುತ್ತಿತ್ತು.

ಆದರೆ ಎಲ್ಲ ಪುಸ್ತಕಕ್ಕೂ ರಾಜಮುದ್ರೆ ಒತ್ತಿದರೆ ನಾಳೆ ರಾಜನೇ ಅದನ್ನು ಮೆಚ್ಚಿದ ಎಂದಾಗುತ್ತದೆ. ಪೂರ್ತಿ ತಡೆದರೆ ಅದು ಆಮ್‌ಸ್ಟರ್‌ಡ್ಯಾಮ್‌ನಲ್ಲೋ ಜಿನೀವಾದಲ್ಲೋ ಅಚ್ಚಾಗಿ ಕಳ್ಳದಾರಿಯಲ್ಲಿ ಬರುತ್ತದೆ, ದುಡ್ಡು ಹೊರದೇಶದ ಮುದ್ರಕರ ಪಾಲಾಗುತ್ತದೆ. ಅದಕ್ಕೆ ಅಧಿಕಾರಿಗಳು ನಡುವೆ ಒಂದು ಓಣಿ ಮಾಡಿಕೊಂಡಿದ್ದರು: ಮೌನ ಅನುಮತಿ. ಪರಿಶೀಲಕ ಓದುತ್ತಾನೆ, ಆದರೆ ಮುದ್ರೆ ಇಲ್ಲ. ಪುಸ್ತಕ ಅಚ್ಚಾಗುವುದು ಪ್ಯಾರಿಸ್‌ನಲ್ಲೇ ಆದರೂ ಮುಖಪುಟದ ಮೇಲೆ ಬಹುಪಾಲು ‘ಲಂಡನ್’, ‘ಆಮ್‌ಸ್ಟರ್‌ಡ್ಯಾಮ್’ ಅಂತ ಸುಳ್ಳು ಊರು. ಅದಕ್ಕೂ ಕೆಳಗಿನ ಮೆಟ್ಟಿಲಲ್ಲಿ ಬರವಣಿಗೆಯಲ್ಲಿ ಏನೂ ಇಲ್ಲ. ಪೊಲೀಸರು ಸುಮ್ನೆ ಬೇರೆ ಕಡೆ ನೋಡುತ್ತಾರೆ, ಅಷ್ಟೇ.

ಸಿಕ್ಕಿಬಿದ್ದರೆ? ರಾಜನ ಸಹಿಯ ಒಂದು ಪತ್ರ ಸಾಕಿತ್ತು. ವಿಚಾರಣೆ ಇಲ್ಲದೆ, ಎಷ್ಟು ದಿನ ಎಂದು ಹೇಳದೆ, ಬಾಸ್ಟಿಲ್‌ಗೋ ವೆನ್ಸೆನ್ ಕೋಟೆಗೋ ತಳ್ಳುತ್ತಿದ್ದರು. ರಾಜನ ಹೊರತಾಗಿಯೂ ಕೈಹಾಕುವವರಿದ್ದರು. ಪ್ಯಾರಿಸ್‌ನ ‘ಪಾರ್ಲಮಾಂ’ (ಇದು ನಮ್ಮ ಸಂಸತ್ತಿನಂಥದ್ದಲ್ಲ, ಉಚ್ಚ ನ್ಯಾಯಾಲಯ) ಪುಸ್ತಕವನ್ನು ಖಂಡಿಸಿ ಸುಡಿಸಬಹುದಿತ್ತು. ಸುಡುವ ಕೆಲಸ ಗಲ್ಲಿಗೇರಿಸುವ ಕಟುಕನದ್ದು. ಸೋರ್ಬಾನ್‌ನ ಧರ್ಮಶಾಸ್ತ್ರ ಪಂಡಿತರು ಬೇರೆ. ರೋಮ್‌ನಲ್ಲಿ ಪೋಪ್‌ನ ನಿಷೇಧಿತ ಪುಸ್ತಕಗಳ ಪಟ್ಟಿ ಬೇರೆ.

ಈ ಇಡೀ ಇಲಾಖೆಯ ಮೇಲೆ 1750ರಿಂದ 1763ರವರೆಗೆ ಇದ್ದವನು ಮಾಲ್‌ಜೆರ್ಬ್. ಕೇವಲ ಸರ್ಕಾರದ ಮುದ್ರೆ ಬಿದ್ದ ಪುಸ್ತಕಗಳನ್ನಷ್ಟೇ ಓದಿದವನು ತನ್ನ ಕಾಲದವರಿಗಿಂತ ಹೆಚ್ಚುಕಡಿಮೆ ನೂರು ವರ್ಷ ಹಿಂದೆ ಉಳಿದಿರುತ್ತಾನೆ ಎಂದು ಬರೆದವನು ಇದೇ ಮನುಷ್ಯ. ಪುಸ್ತಕ ತಡೆಯುವ ಕಚೇರಿಯ ಯಜಮಾನನ ಮಾತು ಇದು!

ಸುಟ್ಟ ಪುಸ್ತಕ

1758ರಲ್ಲಿ ಎಲ್ವೇಸಿಯಸ್ ಎಂಬಾತ ಮನುಷ್ಯನ ಬುದ್ಧಿಯ ಬಗ್ಗೆ ಒಂದು ಪುಸ್ತಕ ಬರೆದ. ಹುಟ್ಟುವಾಗ ಎಲ್ಲರ ಬುದ್ಧಿಯೂ ಒಂದೇ ಮಟ್ಟದ್ದು, ವ್ಯತ್ಯಾಸ ಬರುವುದು ಬೆಳೆಸುವ ರೀತಿಯಿಂದ. ಮನುಷ್ಯ ನಡೆಯುವುದು ಸುಖ ಬೇಕು, ನೋವು ಬೇಡ ಎಂಬ ಲೆಕ್ಕದ ಮೇಲೆ ಎನ್ನುವುದು ಅವನ ವಾದ. ಆತ ಬೀದಿಯ ಬಂಡಾಯಗಾರನಲ್ಲ. ಹಿಂದೆ ರಾಜನ ಪರವಾಗಿ ತೆರಿಗೆ ವಸೂಲಿಯ ಗುತ್ತಿಗೆ ಹಿಡಿದು ಸಿರಿವಂತನಾದವನು, ರಾಣಿಯ ಅರಮನೆಯಲ್ಲಿ ಹುದ್ದೆ ಇದ್ದವನು. ಪುಸ್ತಕಕ್ಕೆ ರಾಜಮುದ್ರೆಯೇ ಇತ್ತು! ಪರಿಶೀಲಿಸಿದವನು ವಿದೇಶಾಂಗ ಕಚೇರಿಯ ಅಧಿಕಾರಿ ತೆರ್ಸಿಯೇ. ಅವನಿಗೆ ಅಪಾಯ ಕಾಣಿಸಲಿಲ್ಲ.

ಹೊರಬಂದ ಮೇಲೆ ಅರಮನೆ, ಚರ್ಚು, ನ್ಯಾಯಾಲಯ ಎಲ್ಲಕ್ಕೂ ಕಾಣಿಸಿತು. ಪರವಾನಗಿ ರದ್ದಾಯಿತು. ತೆರ್ಸಿಯೇ ಕೆಲಸ ಕಳೆದುಕೊಂಡ. ಎಲ್ವೇಸಿಯಸ್ ಒಂದಲ್ಲ, ಮೂರು ಸಲ ತಪ್ಪೊಪ್ಪಿಗೆ ಬರೆದುಕೊಟ್ಟ. 1759ರ ಫೆಬ್ರವರಿಯಲ್ಲಿ ಪುಸ್ತಕ ಸುಟ್ಟರು. ವಾಲ್ಟೇರ್‌ಗೆ ಆ ಪುಸ್ತಕ ಅಷ್ಟೇನೂ ಹಿಡಿಸಿರಲಿಲ್ಲ. ಆದರೂ ಅದರ ಮೇಲೆ ಬಿದ್ದ ರೀತಿ ಅವನಿಗೆ ಸಿಟ್ಟು ತರಿಸಿತು. ಹಾಲ್ ತನ್ನ ಮಾತಿನಲ್ಲಿ ಹಿಡಿದಿಟ್ಟದ್ದು ಇದನ್ನೇ.

ಅದೇ ಹೊಡೆತದಲ್ಲಿ ಇನ್ನೊಂದು ಕೆಲಸವೂ ಸಿಕ್ಕಿಬಿತ್ತು. ಒಂದು ವಿಶ್ವಕೋಶ.

ಅನುವಾದ ಮಾಡಿಕೊಡು ಎಂದಿದ್ದರು

ಆ ವಿಶ್ವಕೋಶ ಶುರುವಾದದ್ದು ಒಂದು ಸಾಧಾರಣ ವ್ಯಾಪಾರವಾಗಿ. ಇಂಗ್ಲೆಂಡಿನಲ್ಲಿ ಎಫ್ರೇಮ್ ಚೇಂಬರ್ಸ್ 1728ರಲ್ಲಿ ಎರಡು ಸಂಪುಟದ ವಿಶ್ವಕೋಶ ತಂದಿದ್ದ. ಚೆನ್ನಾಗಿ ಮಾರಾಟವಾಗಿತ್ತು. ಲ ಬ್ರೆತಾಂ ಎಂಬ ಪ್ಯಾರಿಸ್ ಮುದ್ರಕ, ಇನ್ನೂ ಮೂವರು ಪಾಲುದಾರರ ಜೊತೆ ಸೇರಿ, ಅದನ್ನು ಫ್ರೆಂಚ್‌ಗೆ ತರಿಸಲು ಹೊರಟ. 1747ರಲ್ಲಿ ಹೊಣೆ ಬಿದ್ದದ್ದು ಇಬ್ಬರ ಮೇಲೆ: ಗಣಿತಜ್ಞ ದಾಲಂಬೇರ್, ಮತ್ತು ಅನುವಾದ ಮಾಡಿ ಹೊಟ್ಟೆ ಹೊರೆಯುತ್ತಿದ್ದ 34ರ ದಿದರೋ.

ದಿದರೋ ಸುಮ್ನೆ ಅನುವಾದ ಮಾಡುವ ಆಸಾಮಿ ಅಲ್ಲ. ಹೊಸದಾಗಿ ಬರೆಸೋಣ, ಎಲ್ಲ ವಿದ್ಯೆ, ಎಲ್ಲ ಕಸುಬು ಸೇರಿಸೋಣ ಎಂದ. ಈ ನಡುವೆ 1749ರಲ್ಲಿ, ಕುರುಡರು ಜಗತ್ತನ್ನು ಹೇಗೆ ತಿಳಿಯುತ್ತಾರೆ ಎಂದು ಕೇಳುವ ನೆಪದಲ್ಲಿ ದೇವರ ಇರವನ್ನೇ ಪ್ರಶ್ನಿಸುವ ಕಿರುಪುಸ್ತಕ ಬರೆದು ವೆನ್ಸೆನ್ ಕೋಟೆ ಸೇರಿದ. ಮೂರು ತಿಂಗಳು ಅಲ್ಲೇ. ಬಿಡಿಸಿ ಎಂದು ಅರ್ಜಿ ಹಿಡಿದು ಓಡಾಡಿದವರಲ್ಲಿ ಪ್ರಕಾಶಕರೇ ಮುಂದು. ಹಾಕಿದ ಬಂಡವಾಳ ಜೈಲಿನಲ್ಲಿ ಕೂತಿತ್ತಲ್ಲ!

ಮೊದಲ ಸಂಪುಟ 1751ರಲ್ಲಿ ಬಂತು. ಅದರಲ್ಲೇ ‘ರಾಜಕೀಯ ಅಧಿಕಾರ’ ಎಂಬ ಲೇಖನವಿದೆ. ಇತರರಿಗೆ ಆಜ್ಞೆ ಮಾಡುವ ಹಕ್ಕನ್ನು ಯಾವ ಮನುಷ್ಯನೂ ಪ್ರಕೃತಿಯಿಂದ ಪಡೆದಿಲ್ಲ ಎಂದು ಅದು ಶುರುವಾಗುತ್ತದೆ. ರಾಜನ ಪರವಾನಗಿಯ ಮೇಲೆ ಅಚ್ಚಾದ ಪುಸ್ತಕದಲ್ಲಿ ಈ ಸಾಲು!

ನನಗೆ ಮಾತ್ರ ಇದಕ್ಕಿಂತ ದೊಡ್ಡ ಧೈರ್ಯ ಅನಿಸುವುದು ಗುಂಡುಸೂಜಿಯ ಲೇಖನ. ಹಿತ್ತಾಳೆ ತಂತಿ ಎಳೆಯುವುದು, ನೆಟ್ಟಗೆ ಮಾಡುವುದು, ಕತ್ತರಿಸುವುದು, ತುದಿ ಚೂಪು ಮಾಡುವುದು, ಇನ್ನೊಂದು ತಂತಿ ಸುತ್ತಿ ತಲೆ ಮಾಡಿ ಕೂರಿಸುವುದು, ತವರದಿಂದ ಬೆಳ್ಳಗೆ ಮಾಡುವುದು, ಕೊನೆಗೆ ಕಾಗದಕ್ಕೆ ಚುಚ್ಚುವುದು. ಒಂದು ಗುಂಡುಸೂಜಿ ಅಂಗಡಿಗೆ ಹೋಗುವ ಮೊದಲು 18 ಕೆಲಸ ದಾಟುತ್ತದೆ ಎಂದು ಅದು ಲೆಕ್ಕ ಕೊಡುತ್ತದೆ. 1776ರಲ್ಲಿ ಆಡಂ ಸ್ಮಿತ್ ಕೆಲಸ ಹಂಚಿಕೊಂಡು ಮಾಡುವುದರ ಲಾಭ ವಿವರಿಸಲು ಹಿಡಿದದ್ದೂ ಗುಂಡುಸೂಜಿಯನ್ನೇ, ಅಲ್ಲೂ ಸುಮಾರು 18 ಕೆಲಸಗಳೇ. ಕೈ ಕೆಸರು ಮಾಡಿಕೊಂಡು ದುಡಿಯುವವರ ವಿದ್ಯೆಗೆ ಪಂಡಿತರ ಪುಸ್ತಕದಲ್ಲಿ ಜಾಗ ಇರದ ಕಾಲ ಅದು. ಚೂರಿ ಮಾಡುವವನ ಮಗ ಕಾರ್ಖಾನೆಗಳಿಗೆ ಹೋಗಿ, ಕೆಲಸದವರನ್ನು ಕೇಳಿ, ಕಾಲುಚೀಲ ನೇಯುವ ಯಂತ್ರದ ಬಗ್ಗೆ ತಾನೇ ಬರೆದ. ಆ ಯಂತ್ರದ ಒಂದೊಂದು ಬಿಡಿಭಾಗವನ್ನೂ ಚಿತ್ರಫಲಕಗಳಲ್ಲಿ ಬಿಡಿಸಿ ತೋರಿಸಿದ್ದಾರೆ.

‘ಇದನ್ನೂ ನೋಡಿ’ ಎಂಬ ಕಳ್ಳಬಾಗಿಲು

ಪರಿಶೀಲಕರ ಕಣ್ಣು ತಪ್ಪಿಸಲು ಅವರು ಕಂಡುಕೊಂಡ ಉಪಾಯಗಳಲ್ಲಿ ಬಹಳ ಸೊಗಸಾದದ್ದು ಲೇಖನದ ಕೊನೆಗೆ ಹಾಕುವ ‘ಇದನ್ನೂ ನೋಡಿ’. ‘ಧರ್ಮ’ ಎಂಬ ಲೇಖನವನ್ನು ಪರಿಶೀಲಕ ಗಮನವಿಟ್ಟು ಓದುತ್ತಾನೆ. ಅದಕ್ಕೆ ಅಂಥ ಲೇಖನಗಳನ್ನು ಸಪ್ಪೆಯಾಗಿ ಬರೆದರು. ಕುಟುಕುವ ಮಾತನ್ನು ಯಾರೂ ನೋಡದ ಮೂಲೆಯಲ್ಲಿಟ್ಟರು.

ನರಭಕ್ಷಕರ ಬಗ್ಗೆ ಒಂದು ಪುಟ್ಟ ಲೇಖನವಿದೆ. ಅದರ ಕೊನೆಯಲ್ಲಿ: ನೋಡಿ ‘ಪರಮಪ್ರಸಾದ’, ‘ಪ್ರಸಾದ ಸ್ವೀಕಾರ’, ‘ಬಲಿಪೀಠ’. ಚರ್ಚಿನ ಪೂಜೆಯಲ್ಲಿ ರೊಟ್ಟಿಯೇ ಯೇಸುವಿನ ದೇಹವಾಗುತ್ತದೆ ಎಂಬುದು ಕ್ಯಾಥೊಲಿಕ್ ನಂಬಿಕೆ. ಲೇಖನ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಮೂರು ಪದ ತೋರಿಸಿ ಸುಮ್ಮನಾಗುತ್ತದೆ. ತಮಾಷೆ ಏನೆಂದರೆ, 1755ರ ಐದನೇ ಸಂಪುಟದಲ್ಲಿ ‘ವಿಶ್ವಕೋಶ’ ಎಂಬ ಲೇಖನ ಬರೆಯುವಾಗ ದಿದರೋ ಈ ಗುಟ್ಟನ್ನು ತಾನೇ ಬಿಚ್ಚಿಟ್ಟ. ಇಂಥ ಕೊಂಡಿಗಳಿಂದ ಸುಳ್ಳು ಅಭಿಪ್ರಾಯಗಳನ್ನು ಒಳಗಿಂದಲೇ ಕೆಡವಬಹುದು ಎಂದು ವಿವರಿಸಿದ.

ನಿಷೇಧ ಬಿದ್ದ ಮೇಲೆ

ಮೊದಲ ಪೆಟ್ಟು ಬಿದ್ದದ್ದು 1752ರಲ್ಲಿ, ಎರಡು ಸಂಪುಟ ಬಂದಾಗ. ಮಾಲ್‌ಜೆರ್ಬ್ ಕಾಗದಪತ್ರ ಜಪ್ತಿ ಮಾಡಬೇಕಾಗಿತ್ತು. ಮಾಡುವ ಮೊದಲು ದಿದರೋಗೇ ಸುದ್ದಿ ಮುಟ್ಟಿಸಿದ. ಇಷ್ಟು ಬೇಗ ಎಲ್ಲಿ ಬಚ್ಚಿಡಲಿ ಎಂದರೆ, ನನ್ನ ಮನೆಗೇ ಕಳಿಸು, ಅಲ್ಲಿ ಯಾರೂ ಹುಡುಕುವುದಿಲ್ಲ ಎಂದನಂತೆ. ಇದನ್ನು ಬರೆದಿಟ್ಟವಳು ದಿದರೋನ ಮಗಳು.

ಆ ನಿಷೇಧ ಸಡಿಲವಾಯಿತು. ವರ್ಷಕ್ಕೊಂದರಂತೆ 1757ರ ಹೊತ್ತಿಗೆ ಏಳು ಸಂಪುಟಗಳಾದವು. ಆದರೆ ಅದೇ ವರ್ಷ ಜನವರಿಯಲ್ಲಿ ಒಬ್ಬ 15ನೇ ಲೂಯಿಗೆ ಚಾಕು ಹಾಕಿದ್ದ. ರಾಜ ಬದುಕಿಕೊಂಡ, ಸರ್ಕಾರ ಬಿಗಿಯಾಯಿತು. ಧರ್ಮದ ಮೇಲೆ, ರಾಜನ ಮೇಲೆ ಬರೆದರೆ ಮರಣದಂಡನೆ ಎಂಬ ಆಜ್ಞೆ ಹೊರಟಿತು. ಆ ಬಿಸಿಯಲ್ಲೇ ಎಲ್ವೇಸಿಯಸ್ ಪುಸ್ತಕ ಬಂದದ್ದು. 1759ರ ಮಾರ್ಚ್‌ನಲ್ಲಿ ವಿಶ್ವಕೋಶದ ಪರವಾನಗಿ ರದ್ದಾಯಿತು, ಪೋಪ್‌ನ ನಿಷೇಧವೂ ಬಿತ್ತು. ದಾಲಂಬೇರ್ ಕೈಬಿಟ್ಟ. ರೂಸೋ ಅಷ್ಟರಲ್ಲೇ ದೂರವಾಗಿದ್ದ.

ಸರ್ಕಾರ ಇನ್ನೊಂದು ಆಜ್ಞೆ ಮಾಡಿತು: ಮುಂಗಡ ಕೊಟ್ಟ ಚಂದಾದಾರರಿಗೆ ತಲಾ 72 ಲಿವ್ರ್ (ಆಗಿನ ಫ್ರೆಂಚ್ ಹಣ) ವಾಪಸ್ ಕೊಡಿ. ಅದು ನಡೆದಿದ್ದರೆ ಪ್ರಕಾಶಕರು ದಿವಾಳಿ. ಆದರೆ ಚಂದಾದಾರರು ದುಡ್ಡು ಕೇಳಿಕೊಂಡು ಬರಲಿಲ್ಲ. ಆಮೇಲೆ ಚಿತ್ರಫಲಕಗಳ ಸಂಪುಟಗಳಿಗೆ ಹೊಸ ಪರವಾನಗಿ ಸಿಕ್ಕಿತು, ದುಡ್ಡು ಆ ಕಡೆ ತಿರುಗಿತು. ಚಿತ್ರಗಳ ಮರೆಯಲ್ಲಿ ಉಳಿದ ಹತ್ತು ಸಂಪುಟದ ಬರಹವೂ ಸದ್ದಿಲ್ಲದೆ ಸಾಗಿತು.

ಈ ಹಂತದಲ್ಲಿ ಹೆಗಲು ಕೊಟ್ಟವನ ಹೆಸರು ಬಹಳ ಜನ ಕೇಳಿರುವುದಿಲ್ಲ: ಷೆವಾಲಿಯೆ ದ ಜೋಕೂರ್. ವೈದ್ಯಶಾಸ್ತ್ರ ಓದಿದ್ದ ಶ್ರೀಮಂತ. ಇಡೀ ವಿಶ್ವಕೋಶದ ಸುಮಾರು 72,000 ಲೇಖನಗಳಲ್ಲಿ 17,000ದಷ್ಟು ಇವನೊಬ್ಬನವೇ. ಸಂಬಳ ಪಡೆಯಲಿಲ್ಲ. ತನ್ನ ಸಹಾಯಕರಿಗೆ ಕೂಲಿ ಕೊಡಲು ಮನೆ ಮಾರಿದ. ಕೊಂಡುಕೊಂಡವನು ಇದೇ ಪುಸ್ತಕದಲ್ಲಿ ದುಡ್ಡು ಮಾಡುತ್ತಿದ್ದ ಲ ಬ್ರೆತಾಂ! ಗುಲಾಮರ ವ್ಯಾಪಾರವನ್ನು ನೇರವಾಗಿ ಖಂಡಿಸಿದ ಲೇಖನವೂ ಜೋಕೂರನದ್ದೇ.

ಎಲ್ಲಕ್ಕಿಂತ ಕೆಟ್ಟ ಕತ್ತರಿ ಬಿದ್ದದ್ದು ಸರ್ಕಾರದಿಂದ ಅಲ್ಲ. 1764ರಲ್ಲಿ ದಿದರೋ ತಾನೇ ಬರೆದ ಒಂದು ಲೇಖನ ತೆಗೆದು ನೋಡಿದ. ಭಾಗಗಳೇ ಕಾಣೆ. ಇನ್ನೊಂದು ತೆಗೆದ, ಅದೂ ಹಾಗೆಯೇ. ಅವನು ಕರಡಚ್ಚು ತಿದ್ದಿ ಸಹಿ ಮಾಡಿ ಕಳಿಸಿದ ಮೇಲೆ, ಲ ಬ್ರೆತಾಂ ಹೆದರಿಕೊಂಡು ಗುಟ್ಟಾಗಿ ಸಾಲುಗಳನ್ನು ಕಿತ್ತುಹಾಕಿಸುತ್ತಿದ್ದ. ಮೂಲ ಹಸ್ತಪ್ರತಿ ಸುಟ್ಟಾಗಿತ್ತು. ಎರಡು ವರ್ಷ ನನ್ನನ್ನು ಹೇಡಿಯಂತೆ ವಂಚಿಸಿದಿರಿ ಎಂದು ದಿದರೋ ಬರೆದ ಪತ್ರ ಉಳಿದಿದೆ. ಆದರೂ ಕೆಲಸ ಬಿಡಲಿಲ್ಲ. ಉಳಿದ ಸಂಪುಟಗಳು ಸ್ವಿಟ್ಜರ್ಲೆಂಡ್ ಕಡೆಯ ನೂಷಾಟೆಲ್ ಊರಿನ ಸುಳ್ಳು ವಿಳಾಸ ಹೊತ್ತು 1765ರ ಕೊನೆಗೆ, 1766ರ ಶುರುವಿಗೆ ಹೊರಬಂದವು. ಅಷ್ಟು ಹುಷಾರಿದ್ದ ಲ ಬ್ರೆತಾಂ ಅಪ್ಪಣೆ ಇಲ್ಲದೆ ಅರಮನೆಯ ಊರಾದ ವರ್ಸೈಲ್ಸ್‌ಗೆ ಪ್ರತಿ ಕಳಿಸಿ, ಒಂದು ವಾರ ಬಾಸ್ಟಿಲ್‌ನಲ್ಲಿ ಕೂತು ಬಂದ.

1772ಕ್ಕೆ ಒಟ್ಟು 28 ಸಂಪುಟ: 17 ಬರಹ, 11 ಚಿತ್ರ. ಬೆಲೆ 980 ಲಿವ್ರ್. ಪ್ಯಾರಿಸ್‌ನ ನುರಿತ ಕಸುಬುದಾರನ ಒಂದು ವರ್ಷದ ದುಡಿಮೆಗೂ ಮೀರಿದ್ದು. ಕೈಗೆಟಕುವ ಚಿಕ್ಕ ಅಳತೆಯ ಆವೃತ್ತಿಗಳು ಆಮೇಲೆ ಬಂದವು. 1789ರೊಳಗೆ ಯುರೋಪಿನಲ್ಲಿ ಎಲ್ಲ ಆವೃತ್ತಿ ಸೇರಿ ಸುಮಾರು 24,000 ಸೆಟ್ ಇದ್ದವು ಎಂಬುದು ಇತಿಹಾಸಕಾರರ ಲೆಕ್ಕ.

ವಾಲ್ಟೇರ್ ಬಚಾವಾದ, ರೂಸೋ ಸಿಕ್ಕಿಕೊಂಡ

ವಾಲ್ಟೇರ್ ಚಿಕ್ಕ ವಯಸ್ಸಿಗೇ ಪಾಠ ಕಲಿತಿದ್ದ. ರಾಜಪ್ರತಿನಿಧಿಯ ಮೇಲೆ ಲೇವಡಿ ಪದ್ಯ ಬರೆದು 1717ರಲ್ಲಿ ಬಾಸ್ಟಿಲ್‌ನಲ್ಲಿ 11 ತಿಂಗಳು. 1726ರಲ್ಲಿ ಒಬ್ಬ ದೊಡ್ಡ ಮನೆತನದವನ ಜೊತೆ ಮಾತಿಗೆ ಮಾತು ಬೆಳೆದು, ಅವನ ಆಳುಗಳಿಂದ ಏಟು ತಿಂದ. ಜೈಲಿಗೆ ಹೋದವನು ಏಟು ಕೊಟ್ಟವನಲ್ಲ, ತಿಂದವನು. ಅಲ್ಲಿಂದ ಇಂಗ್ಲೆಂಡಿಗೆ ಹೋದ.

ಆಮೇಲೆ ಅವನು ಮಾಡಿದ ಮೊದಲ ಕೆಲಸ ದುಡ್ಡು. ಸರ್ಕಾರಿ ಲಾಟರಿಯೊಂದರ ಲೆಕ್ಕದಲ್ಲಿ ತೂತಿದೆ ಎಂದು ಗಣಿತ ಬಲ್ಲ ಗೆಳೆಯನೊಬ್ಬ ಕಂಡುಹಿಡಿದ. ಇಬ್ಬರೂ ಗುಂಪು ಕಟ್ಟಿ ಟಿಕೆಟ್ ಕೊಂಡು ಗೆಲ್ಲುತ್ತಾ ಹೋದರು. ನಂತರದ ಬರವಣಿಗೆಗೆ ಈ ದುಡ್ಡೇ ಬೆನ್ನೆಲುಬು. ಮುಂದೆ ಫೆರ್ನೆ ಎಂಬಲ್ಲಿ ಎಸ್ಟೇಟ್ ಕೊಂಡ. ಅದು ಫ್ರಾನ್ಸ್‌ನೊಳಗೆ, ಆದರೆ ಜಿನೀವಾ ಗಡಿಗೆ ಅಂಟಿಕೊಂಡು. ಪ್ಯಾರಿಸ್ ಸಿಟ್ಟಾದರೆ ಗಡಿ ದಾಟಬಹುದು. ಪುಸ್ತಕಗಳಿಗೆ ತನ್ನ ಹೆಸರು ಹಾಕುತ್ತಿರಲಿಲ್ಲ. ಕೇಳಿದರೆ ನಾನಲ್ಲಪ್ಪ ಎನ್ನುತ್ತಿದ್ದ.

ರೂಸೋಗೆ ಈ ಆಟ ಹಿಡಿಸಲಿಲ್ಲ. 1762ರಲ್ಲಿ ಮಕ್ಕಳ ಶಿಕ್ಷಣದ ಬಗ್ಗೆ ಬರೆದ ಪುಸ್ತಕದ ಮುಖಪುಟದಲ್ಲೇ ತನ್ನ ಹೆಸರು ಹಾಕಿದ. ಪ್ಯಾರಿಸ್ ಅದನ್ನು ಸುಟ್ಟು ಬಂಧನಕ್ಕೆ ವಾರಂಟ್ ಹೊರಡಿಸಿತು. ಹುಟ್ಟೂರು ಜಿನೀವಾ ಕೂಡ ಸುಟ್ಟಿತು. ವರ್ಷಗಟ್ಟಲೆ ಊರೂರು ಅಲೆದ.

ವಾಲ್ಟೇರ್‌ದು ಬರಿ ಜಾಣತನವೇ ಎಂದರೆ ಅನ್ಯಾಯವಾಗುತ್ತದೆ. ಅದೇ 1762ರ ಮಾರ್ಚ್‌ನಲ್ಲಿ ತೂಲೂಸ್ ಊರಿನ ಬಟ್ಟೆ ವ್ಯಾಪಾರಿ ಜಾನ್ ಕಲಾಸ್ ಎಂಬ ಪ್ರೊಟೆಸ್ಟೆಂಟ್‌ನ ಮೂಳೆ ಮುರಿದು ಕೊಂದಿದ್ದರು. ಕ್ಯಾಥೊಲಿಕ್ ಆಗಲು ಹೊರಟ ಮಗನನ್ನು ಕೊಂದ ಎಂಬುದು ಆರೋಪ. ವಾಲ್ಟೇರ್ ಸಾಕ್ಷಿಗಳನ್ನು ಕೆದಕಿದ, ಅರಮನೆಯವರಿಗೆ ಪತ್ರದ ಮೇಲೆ ಪತ್ರ ಬರೆದ, ಸಹಿಷ್ಣುತೆಯ ಬಗ್ಗೆ ಪುಸ್ತಕವನ್ನೇ ಬರೆದ. 1765ರಲ್ಲಿ ಕಲಾಸ್ ನಿರಪರಾಧಿ ಎಂದು ತೀರ್ಪಾಯಿತು. ಮುಂದಿನ ವರ್ಷವೇ ಅಬ್ಬೆವೀಲ್‌ನಲ್ಲಿ ಲ ಬಾರ್ ಎಂಬ 20ರ ಆಸುಪಾಸಿನ ಹುಡುಗನ ತಲೆ ಕಡಿದರು. ಧಾರ್ಮಿಕ ಮೆರವಣಿಗೆಗೆ ಟೋಪಿ ತೆಗೆಯಲಿಲ್ಲ ಎಂಬುದು ಅವನ ಮೇಲಿದ್ದ ದೂರುಗಳಲ್ಲೊಂದು. ಅವನ ಕೋಣೆಯಲ್ಲಿ ಸಿಕ್ಕಿದ್ದ ವಾಲ್ಟೇರ್‌ನ ನಿಘಂಟನ್ನು ಹೆಣದ ಜೊತೆ ಸುಟ್ಟರು. ಬರೆದವನು ಗಡಿಯಲ್ಲಿ ಕ್ಷೇಮವಾಗಿದ್ದ, ಓದಿದವನು ಸತ್ತ.

ನಮ್ಮ ಕಡೆಯ ನಂಟು

ವಂದವಾಶಿ ಯುದ್ಧ ಸೋತು, 1761ರಲ್ಲಿ ಪಾಂಡಿಚೇರಿಯನ್ನು ಬ್ರಿಟಿಷರಿಗೆ ಒಪ್ಪಿಸಿದ ಫ್ರೆಂಚ್ ಸೇನಾಪತಿ ಲಾಲಿಯ ಹೆಸರು ಇತಿಹಾಸದ ಪಾಠದಲ್ಲಿ ಓದಿರುತ್ತೀರಿ. ಪಾಂಡಿಚೇರಿಗೆ ಮುತ್ತಿಗೆ ಬಿದ್ದಾಗ ಅವನ ಸಹಾಯಕ್ಕೆ ಮೈಸೂರಿನಿಂದ ಹೈದರಾಲಿ ದಂಡು ಕಳಿಸಿದ್ದ. ಸೋಲಿನ ಹೊಣೆ ಹೊರಿಸಿ 1766ರಲ್ಲಿ ಲಾಲಿಯ ತಲೆ ಕಡಿದರು. ಈ ತೀರ್ಪಿನ ವಿರುದ್ಧವೂ ವಾಲ್ಟೇರ್ ವರ್ಷಗಟ್ಟಲೆ ಬರೆದ. 1778ರ ಮೇ ಕೊನೆಯಲ್ಲಿ ತೀರ್ಪು ರದ್ದಾದ ಸುದ್ದಿ ಮುಟ್ಟುವಾಗ ಅವನು ಸಾಯುವ ಹಾಸಿಗೆಯಲ್ಲಿದ್ದ.

ಇನ್ನೊಂದು ನಂಟು ಅವನಿಗೆ ಅಷ್ಟು ಶೋಭೆ ತರುವುದಿಲ್ಲ. ಭಾರತದಿಂದ ಬಂದ ಒಬ್ಬ ಅಧಿಕಾರಿ 1760ರಲ್ಲಿ ಅವನಿಗೆ ‘ಎಜೂರ್‌ವೇದಂ’ ಎಂಬ ಹಸ್ತಪ್ರತಿ ಕೊಟ್ಟ. ಬೈಬಲ್‌ಗಿಂತ ಹಳೆಯ ಜ್ಞಾನ ಸಿಕ್ಕಿತು ಎಂದು ವಾಲ್ಟೇರ್ ಹಿಗ್ಗಿದ, ರಾಜನ ಗ್ರಂಥಾಲಯಕ್ಕೆ ಕೊಟ್ಟ, ಬರಹಗಳಲ್ಲಿ ಬಳಸಿದ. ಅದು ವೇದವೇ ಅಲ್ಲ. ಹಿಂದೂಗಳನ್ನು ಕ್ರೈಸ್ತ ಮತದ ಕಡೆ ಸೆಳೆಯಲು ಜೆಸುಯಿಟ್ ಪಾದ್ರಿಗಳು ಫ್ರೆಂಚ್‌ನಲ್ಲಿ ಬರೆದದ್ದು. ಜೀವಮಾನವೆಲ್ಲ ಪಾದ್ರಿಗಳನ್ನು ಗೇಲಿ ಮಾಡಿದವನು ಪಾದ್ರಿಗಳ ಕೈಬರಹ ನಂಬಿಕೊಂಡ.

ಅವರ ಕಣ್ಣಿಗೆ ಬೀಳದವರು

ಸಕ್ಕರೆ ತೋಟದ ಗುಲಾಮನ ಪಾಡನ್ನು ಕತೆಯಲ್ಲಿ ಮನಕಲಕುವಂತೆ ಬರೆದ ವಾಲ್ಟೇರ್, ಬೇರೆ ಕಡೆ ಕರಿಯರನ್ನು ಕೀಳಾಗಿ ಬರೆದ. ಯಹೂದಿಗಳ ಬಗ್ಗೆಯೂ ಹಾಗೆಯೇ. ಶಿಕ್ಷಣದ ಬಗ್ಗೆ ಅಷ್ಟು ಬರೆದ ರೂಸೋ ತನ್ನ ಐದು ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟ. ಹೆಣ್ಣಿನ ಶಿಕ್ಷಣ ಗಂಡಿಗೆ ಹಿತವಾಗುವಂತಿರಬೇಕು ಎಂದ. ಅದಕ್ಕೆ 1792ರಲ್ಲಿ ಇಂಗ್ಲಿಷ್ ಲೇಖಕಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ಸರಿಯಾಗಿ ಉತ್ತರ ಕೊಟ್ಟಳು. ನ್ಯೂಟನ್‌ನ ಮುಖ್ಯ ಗ್ರಂಥವನ್ನು ಫ್ರೆಂಚ್‌ಗೆ ತಂದು ಟಿಪ್ಪಣಿ ಬರೆದ ಎಮಿಲಿ ದು ಷಾತ್ಲೆಯನ್ನು ಈಗಲೂ ಬಹಳ ಜನ ‘ವಾಲ್ಟೇರ್‌ನ ಗೆಳತಿ’ ಎಂದೇ ಪರಿಚಯಿಸುತ್ತಾರೆ.

ಏನು ಉಳಿಯಿತು?

ಅಧಿಕಾರವೆಲ್ಲ ಒಂದೇ ಕೈಯಲ್ಲಿ ಇರಬಾರದು ಎಂದು ಮಾಂಟೆಸ್ಕ್ಯೂ 1748ರಲ್ಲಿ ಬರೆದದ್ದು 1787ರ ಅಮೆರಿಕ ಸಂವಿಧಾನದೊಳಗೆ ಇಳಿಯಿತು. 1789ರಲ್ಲಿ ಫ್ರೆಂಚ್ ಕ್ರಾಂತಿಯ ಹಕ್ಕುಗಳ ಘೋಷಣೆ, ಮಾತು, ಬರಹ, ಅಚ್ಚಿನ ಸ್ವಾತಂತ್ರ್ಯವನ್ನು 11ನೇ ಕಲಮಿನಲ್ಲಿ ಇಟ್ಟಿತು. ನಮ್ಮ ಸಂವಿಧಾನದ ಪೀಠಿಕೆಯ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವವೂ ಅಲ್ಲಿಂದಲೇ ಬಂತು ಎನ್ನುವವರಿದ್ದಾರೆ. ಅಂಬೇಡ್ಕರ್ ಮಾತ್ರ 1954ರ ಆಕಾಶವಾಣಿ ಭಾಷಣದಲ್ಲಿ, ತಮ್ಮ ಚಿಂತನೆಯ ಈ ಮೂರು ಪದಗಳನ್ನು ಫ್ರೆಂಚ್ ಕ್ರಾಂತಿಯಿಂದ ತಂದದ್ದಲ್ಲ, ಬುದ್ಧನಿಂದ ಕಲಿತದ್ದು ಎಂದು ಸ್ಪಷ್ಟವಾಗಿ ಹೇಳಿದರು.

ಮಾಲ್‌ಜೆರ್ಬ್‌ಗೆ ಕ್ರಾಂತಿ ಕರುಣೆ ತೋರಲಿಲ್ಲ. 16ನೇ ಲೂಯಿಯ ವಿಚಾರಣೆಯಲ್ಲಿ, 70 ದಾಟಿದ ಮೇಲೆ, ರಾಜನ ಪರ ವಾದಿಸಲು ನಿಂತ. 1794ರಲ್ಲಿ ಅವನನ್ನೂ ಮಗಳನ್ನೂ ಮೊಮ್ಮಗಳನ್ನೂ ಗಿಲೋಟಿನ್‌ಗೆ ಕೊಟ್ಟರು.

ದಿದರೋ 1784ರಲ್ಲೇ ತೀರಿಕೊಂಡಿದ್ದ. ಕಷ್ಟಕಾಲದಲ್ಲಿ ಅವನ ಪುಸ್ತಕಗಳನ್ನೆಲ್ಲ ರಷ್ಯಾದ ರಾಣಿ ಕ್ಯಾಥರೀನ್ 15,000 ಲಿವ್ರ್ ಕೊಟ್ಟು ಕೊಂಡು, ನೀನು ಬದುಕಿರುವವರೆಗೆ ನಿನ್ನ ಹತ್ತಿರವೇ ಇರಲಿ, ಕಾಯುವ ಸಂಬಳವನ್ನೂ ತಗೋ ಎಂದಿದ್ದಳು. ವೆನ್ಸೆನ್ ಕೋಟೆಯ ನಂತರ ಅವನು ತನ್ನ ಅತಿ ಖಾರದ ಬರಹಗಳನ್ನು ಅಚ್ಚಿಗೆ ಕೊಡಲೇ ಇಲ್ಲ. ಅದರಲ್ಲಿ ಒಂದು, ಸಂಗೀತಗಾರನೊಬ್ಬನ ಸೋದರನ ಪೋಲಿ ಮಗನ ಜೊತೆಗಿನ ಸಂಭಾಷಣೆ, ಮೊದಲು ಬೆಳಕು ಕಂಡದ್ದು 1805ರಲ್ಲಿ, ಅದೂ ಕವಿ ಗಯಟೆಯ ಜರ್ಮನ್ ಅನುವಾದದಲ್ಲಿ. ದಿದರೋನ ಕೈಬರಹದ ಪ್ರತಿ ಸಿಕ್ಕಿದ್ದು ಸೇನ್ ನದಿ ದಂಡೆಯ ಹಳೆಪುಸ್ತಕದ ಅಂಗಡಿಯಲ್ಲಿ, 19ನೇ ಶತಮಾನ ಮುಗಿಯುತ್ತಿದ್ದಾಗ.

ವಿಶ್ವಕೋಶ ನೋಡಬೇಕು ಅನಿಸಿದರೆ ಈಗ ಯಾರ ಅಪ್ಪಣೆಯೂ ಬೇಡ. ಷಿಕಾಗೊ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇಡೀ ಫ್ರೆಂಚ್ ಪಠ್ಯ ಚಿತ್ರಗಳ ಸಮೇತ ಉಚಿತವಾಗಿದೆ. ಮಿಷಿಗನ್ ವಿಶ್ವವಿದ್ಯಾಲಯದವರು ಸ್ವಯಂಸೇವಕರಿಂದ ಒಂದೊಂದೇ ಲೇಖನವನ್ನು ಇಂಗ್ಲಿಷ್‌ಗೆ ತರಿಸುತ್ತಿದ್ದಾರೆ. ಫ್ರೆಂಚ್ ಬಾರದಿದ್ದರೆ ಚಿತ್ರಫಲಕಗಳಿಂದಲೇ ಶುರು ಮಾಡಿ. ಅವುಗಳಿಗೆ ಭಾಷೆಯ ಹಂಗು ಕಡಿಮೆ.